ಈಜು ಗಾಗಲ್ಸಿನ ಮಬ್ಬಿಗೆ ಮದ್ದು: ಸ್ಪ್ರೇ, ಬೇಬಿ ಶಾಂಪೂ, ಉಗುಳು

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಸರಗೋಡಿನ ಪೆರ್ಲ, ನೀರ್ಚಾಲು, ಬಾಯಾರು ಕಡೆಯ ತೋಟದ ಕೆರೆಯಲ್ಲಿ ಬೆಳಗ್ಗೆ ಅರ್ಧ ಗಂಟೆ ಈಜುವವರಿಗೆ ಬೇಬಿ ಶಾಂಪೂ ಧಾರಾಳ ಸಾಕು. ತಲಪಾಡಿ ದಾಟಿ ಮಂಗಳೂರಿನ ಲೇಡಿಹಿಲ್ ಈಜುಕೊಳಕ್ಕೆ ಹೋಗಿ ಒಂದು ಗಂಟೆ ಬಿಡದೆ ಈ ಗೋಡೆಯಿಂದ ಆ ಗೋಡೆಗೆ ಲ್ಯಾಪ್ ಹೊಡೆಯುವವರಿಗೆ ಮಬ್ಬು ತಡೆಯುವ ಆಂಟಿ ಫಾಗ್ ಸ್ಪ್ರೇಗೆ ಕೊಟ್ಟ ದುಡ್ಡು ದಂಡವಲ್ಲ. ಉಗುಳು ತುರ್ತಿಗೆ ಉಂಟು, ನಿತ್ಯಕ್ಕಲ್ಲ. ಟೂತ್‌ಪೇಸ್ಟ್ ಬೇಡವೇ ಬೇಡ. ಇಷ್ಟರಲ್ಲಿ ಯಾವುದನ್ನು ಹಿಡಿದರೂ ಬೈರಾಸಿನ (ಟವೆಲಿನ) ತುದಿಯಿಂದ ಲೆನ್ಸಿನ ಒಳಗೆ ಉಜ್ಜುವ ಚಾಳಿ ಬಿಡದಿದ್ದರೆ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಉಜ್ಜುವುದಕ್ಕೆ ಕಾರಣ ಒಂದು ತಪ್ಪು ತಿಳಿವಳಿಕೆ. ಮಬ್ಬನ್ನು ನಾವು ಕೊಳೆ ಎಂದುಕೊಳ್ಳುತ್ತೇವೆ, ಆದ್ದರಿಂದ ಒರೆಸುತ್ತೇವೆ. ಮಬ್ಬಾದ ಲೆನ್ಸನ್ನು ಬೆಳಕಿಗೆ ಹಿಡಿದು ಹತ್ತಿರದಿಂದ ನೋಡಿ. ಅಲ್ಲಿರುವುದು ಕೊಳೆಯಲ್ಲ, ಸಾಸಿವೆಗಿಂತ ಎಷ್ಟೋ ಸಣ್ಣದಾದ ನೀರಿನ ಹನಿಗಳು, ಒಂದರ ಪಕ್ಕ ಒಂದು. ಪ್ರತಿ ಹನಿಯೂ ಬೆಳಕನ್ನು ತನಗೆ ತೋಚಿದ ದಿಕ್ಕಿಗೆ ಚೆದುರಿಸುತ್ತದೆ. ಅಷ್ಟೇ ನೀರು ಹನಿಯಾಗದೆ ತೆಳ್ಳಗೆ ಹರಡಿಕೊಂಡಿದ್ದರೆ ಲೆನ್ಸ್ ಪಾರದರ್ಶಕವಾಗಿಯೇ ಇರುತ್ತಿತ್ತು. ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಮುತ್ತಾಗಿ ನಿಲ್ಲುತ್ತದೆ, ತೊಳೆದ ಸ್ಲೇಟಿನ ಮೇಲೆ ಬಿದ್ದದ್ದು ಹರಡಿಕೊಳ್ಳುತ್ತದೆ. ಗಾಗಲ್ಸಿನ ಲೆನ್ಸ್ ಸಾಮಾನ್ಯವಾಗಿ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಅದರ ಸ್ವಭಾವ ಕೆಸುವಿನ ಎಲೆಯಷ್ಟು ಅತಿಯಾದದ್ದಲ್ಲ, ಆದರೂ ಆ ಪಂಗಡದ್ದೇ. ಅದನ್ನು ಸ್ಲೇಟಿನ ಪಂಗಡಕ್ಕೆ ಸೇರಿಸುವುದೇ ಮಬ್ಬಿಗೆ ಇರುವ ಅಷ್ಟೂ ಮದ್ದುಗಳ ಕೆಲಸ. ಸ್ಪ್ರೇ, ಶಾಂಪೂ, ಉಗುಳು ಮೂರೂ ಮಾಡುವುದು ಅದನ್ನೇ. ವ್ಯತ್ಯಾಸ ಇರುವುದು ಎಷ್ಟು ಹೊತ್ತು ಎನ್ನುವುದರಲ್ಲಿ ಮತ್ತು ಕಣ್ಣಿಗೆ ಎಷ್ಟು ಉರಿ ಎನ್ನುವುದರಲ್ಲಿ.

ನೀರು ಒಳಗೆ ಬರುವುದಾದರೂ ಎಲ್ಲಿಂದ? ಗಾಗಲ್ಸ್ ಸೋರುತ್ತದೆ ಎಂದು ಸ್ಟ್ರಾಪನ್ನು ಇನ್ನೂ ಬಿಗಿ ಮಾಡುವವರು ಬಹಳ. ಅದು ಸೋರಿಕೆಯಲ್ಲ, ನಮ್ಮದೇ ಚರ್ಮದ ಮತ್ತು ಕಣ್ಣೀರಿನ ಆವಿ. ಕಣ್ಣಿನ ಸುತ್ತಲಿನ ಚರ್ಮ ಸುಮಾರು 34 ಡಿಗ್ರಿ ಸೆಲ್ಸಿಯಸ್ ಬಿಸಿ. ಆ ಬಿಸಿಯಲ್ಲಿ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ ಸುಮಾರು 37 ಗ್ರಾಂ ಆವಿಯನ್ನು ಹಿಡಿದುಕೊಳ್ಳುತ್ತದೆ. 25 ಡಿಗ್ರಿಗೆ ತಣಿದರೆ ಹಿಡಿಯುವುದು 23 ಗ್ರಾಂ ಮಾತ್ರ. ಉಳಿದದ್ದು ಎಲ್ಲಿಗೆ ಹೋಗಬೇಕು? ಹೊರಗಿನ ನೀರಿಗೆ ತಾಗಿ ತಣ್ಣಗಾದ ಲೆನ್ಸಿನ ಒಳಮೈಗೆ. ಗಾಗಲ್ಸಿನೊಳಗೆ ಇರುವುದು ಬೊಗಸೆ ಗಾಳಿಯೂ ಅಲ್ಲ, ಕೆಲವೇ ಮಿಲಿಲೀಟರು. ಆದರೆ ಚರ್ಮ ಆವಿ ಕೊಡುವುದನ್ನು ನಿಲ್ಲಿಸುವುದಿಲ್ಲ, ನೀರು ಲೆನ್ಸನ್ನು ತಣಿಸುವುದನ್ನೂ ನಿಲ್ಲಿಸುವುದಿಲ್ಲ. ಹಾಗಾಗಿ ಒಮ್ಮೆ ಒರೆಸಿದರೆ ಮುಗಿಯುವ ಬಾಬತ್ತು ಇದಲ್ಲ.

ಈ ಲೆಕ್ಕ ತಿಳಿದರೆ ನಮ್ಮೂರಿನ ಇನ್ನೊಂದು ಒಗಟೂ ಬಿಡುತ್ತದೆ. ಕಣ್ವತೀರ್ಥದಲ್ಲೋ ಕಾಪಿಲ್‌ನಲ್ಲೋ ಬೇಸಿಗೆಯ ಸಮುದ್ರಕ್ಕಿಳಿದಾಗ ಅಷ್ಟಾಗಿ ಮಬ್ಬಾಗದ ಅದೇ ಗಾಗಲ್ಸ್ ತೋಟದ ಕೆರೆಯಲ್ಲಿ ಮೂರು ನಿಮಿಷಕ್ಕೆ ಹಾಲಿನಲ್ಲಿ ಅದ್ದಿದ ಹಾಗೆ ಆಗುವುದು ಯಾಕೆ? ಸಮುದ್ರದ ಮೇಲ್ನೀರು 30 ಡಿಗ್ರಿಯ ಆಸುಪಾಸು ಇರುವಾಗ ಚರ್ಮಕ್ಕೂ ಲೆನ್ಸಿಗೂ ಇರುವ ಅಂತರ ನಾಲ್ಕೇ ಡಿಗ್ರಿ. ಗುಡ್ಡೆಗೆ ಕೊರೆದ ಸುರಂಗದಿಂದ, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬರುವ ನೀರು ತುಂಬಿದ ಕೆರೆ, ಅದೂ ಡಿಸೆಂಬರಿನ ಬೆಳಗ್ಗೆ, ಅದಕ್ಕಿಂತ ಎಷ್ಟೋ ತಣ್ಣಗೆ. ಅಂತರ ಇಮ್ಮಡಿಯಾದರೆ ಇಳಿಯುವ ನೀರೂ ಹೆಚ್ಚುಕಡಿಮೆ ಇಮ್ಮಡಿ. ಅದಕ್ಕೆ ಗುಡ್ಡೆ ಇಳಿದು ನಡೆದು ಬಂದ ಬೆವರಿನ ಮುಖ ಬೇರೆ. ಸ್ಪರ್ಧೆಯ ಈಜುಕೊಳಗಳ ನೀರು 25ರಿಂದ 28 ಡಿಗ್ರಿಯೊಳಗೆ ಇರಬೇಕೆಂದು ನಿಯಮ. ಅಂದರೆ ಈಜುಕೊಳವೂ ಮಬ್ಬಿಗೆ ಅನುಕೂಲದ ಜಾಗವೇ, ಆದರೆ ಅಲ್ಲಿ ಕಷ್ಟ ಬೇರೆ ಬಗೆಯದು. ಅದು ಮುಂದೆ ಬರುತ್ತದೆ.

ಆಂಟಿ ಫಾಗ್ ಸ್ಪ್ರೇ

ಮಾರುಕಟ್ಟೆಯಲ್ಲಿರುವುದು ಎರಡು ರೂಪದಲ್ಲಿ. ಒಂದು ಪಂಪು ಒತ್ತುವ ಸಣ್ಣ ಬಾಟಲಿ, ಹೆಚ್ಚಾಗಿ 30 ಮಿಲಿಲೀಟರಿನದು. ಇನ್ನೊಂದು ತುದಿಯಲ್ಲಿ ಸ್ಪಂಜು ಇರುವ, ಹಿಂದೆ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ ಬಾಟಲಿಯಂಥದು. ಸ್ಪೀಡೊ, ಅರೀನಾದಂಥ ಈಜುಡುಗೆಯ ಕಂಪೆನಿಗಳೇ ಇದನ್ನೂ ಮಾರುತ್ತವೆ. ಒಳಗಿರುವುದು ಬಹುಪಾಲು ನೀರು ಮತ್ತು ಸಾಬೂನಿನ ಗುಣದ ಒಂದು ವಸ್ತು. ಕೆಲವದರಲ್ಲಿ ಅದು ಲೆನ್ಸಿಗೆ ಅಂಟಿಕೊಂಡಿರಲಿ ಎಂದು ಪಾಲಿಮರೋ ಗ್ಲೈಕಾಲೋ ಸೇರಿರುತ್ತದೆ. ಸ್ಪ್ರೇ ಶಾಂಪೂವಿಗಿಂತ ಹೆಚ್ಚು ಹೊತ್ತು ನಿಲ್ಲುವುದು ಈ ಅಂಟಿನ ದೆಸೆಯಿಂದ.

ಎರಡರಲ್ಲಿ ಆರಿಸುವುದಾದರೆ ಪಂಪಿನ ಬಾಟಲಿಯೇ ಸರಿ. ಸ್ಪಂಜಿನದ್ದು ಲೆನ್ಸನ್ನು ಮುಟ್ಟುತ್ತದೆ. ಬ್ಯಾಗಿನಲ್ಲಿ ಬಿದ್ದು ಹೊರಳಿದ ಸ್ಪಂಜಿಗೆ ಮರಳಿನ ಒಂದು ಕಣ ಅಂಟಿಕೊಂಡಿದ್ದರೆ ಸಾಕು, ಮದ್ದು ಹಚ್ಚುವ ಹೆಸರಿನಲ್ಲಿ ಗೀರು ಹಾಕಿದಂತೆ. ಉಪ್ಪಳದಿಂದ ಬೇಕಲದವರೆಗೆ ಕಡಲ ಕರೆಯಲ್ಲಿ ಈಜುವವರ ಬ್ಯಾಗಿನಲ್ಲಿ ಮರಳಿಲ್ಲದೆ ಇರುವುದುಂಟೇ?

ಸ್ಪ್ರೇ ಬಗ್ಗೆ ಕೇಳಿಬರುವ ದೂರುಗಳು ಎರಡು: ಕಣ್ಣು ಉರಿಯುತ್ತದೆ, ಇಲ್ಲವೇ ಏನೂ ಪ್ರಯೋಜನ ಆಗಲಿಲ್ಲ. ಎರಡಕ್ಕೂ ಬಳಸುವ ಕ್ರಮವೇ ಹೆಚ್ಚಾಗಿ ಕಾರಣ. ಬಾಟಲಿಯ ಮೇಲಿನ ಸೂಚನೆ ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತದೆ, ಓದುವವರು ಕಡಿಮೆ. ಒಂದು ಪಂಪಿಗೆ ಬೀಳುವುದು ಸಾಮಾನ್ಯವಾಗಿ 0.1 ಮಿಲಿಲೀಟರಿನಷ್ಟು. ಒಂದು ಲೆನ್ಸಿಗೆ ಒಂದು ಪಂಪು, ಹೆಚ್ಚೆಂದರೆ ಎರಡು. ಬೇಕಾದದ್ದು ಕಣ್ಣಿಗೆ ಕಾಣದಷ್ಟು ತೆಳುವಾದ ಪದರ, ಹೋಳಿಗೆಗೆ ತುಪ್ಪ ಸುರಿದ ಹಾಗಲ್ಲ. ಸಿಂಪಡಿಸುವಾಗ ಲೆನ್ಸ್ ಒಣಗಿರಬೇಕು. ಒದ್ದೆ ಲೆನ್ಸಿಗೆ ಹೊಡೆದರೆ ಮದ್ದು ಅಲ್ಲಿದ್ದ ನೀರಿನೊಂದಿಗೆ ಸೇರಿ ಕೆಳಗಿಳಿದು ಗ್ಯಾಸ್ಕೆಟ್ಟಿನ, ಅಂದರೆ ಕಣ್ಣಿನ ಸುತ್ತ ಕೂರುವ ಮೆದು ಅಂಚಿನ, ಮೂಲೆಯಲ್ಲಿ ಕೂರುತ್ತದೆ. ಲೆನ್ಸ್ ಮಬ್ಬಾಗುವುದು ತಪ್ಪುವುದಿಲ್ಲ, ಮೂಲೆಯ ಮದ್ದು ಕಣ್ಣಿಗಿಳಿಯುವುದೂ ತಪ್ಪುವುದಿಲ್ಲ. ಎರಡೂ ದೂರುಗಳು ಒಂದೇ ತಪ್ಪಿನಿಂದ. ಸಿಂಪಡಿಸಿದ ಮೇಲೆ ಗಾಗಲ್ಸನ್ನು ಅತ್ತಿತ್ತ ವಾಲಿಸಿ ಹರಡಿಸಬೇಕು, ಒಂದು ನಿಮಿಷ ಬಿಡಬೇಕು, ಆಮೇಲೆ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಬೇಕು.

30 ಮಿಲಿಲೀಟರಿನ ಬಾಟಲಿ ಸಲಕ್ಕೆ ಎರಡು ಪಂಪಿನಂತೆ ನೂರೈವತ್ತು ಸಲಕ್ಕೆ ಬರಬೇಕು. ಆದರೆ ಬಾಟಲಿ ಖಾಲಿಯಾಗುವ ಮೊದಲೇ ಪಂಪಿನ ತೂತು ಒಣಗಿದ ಸಾಬೂನಿನಿಂದ ಕಟ್ಟಿಕೊಳ್ಳುವುದುಂಟು. ಆಗ ಮಂಜಿನ ಹಾಗೆ ಬರಬೇಕಾದದ್ದು ಪಿಚಕಾರಿಯಾಗಿ ಒಂದೇ ಕಡೆಗೆ ಬೀಳುತ್ತದೆ. ಪಂಪಿನ ತಲೆಯನ್ನು ಬಿಚ್ಚಿ ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟರೆ ಸರಿಹೋಗುತ್ತದೆ, ಬಾಟಲಿ ಎಸೆಯಬೇಕಾಗಿಲ್ಲ.

ಒಂದು ಎಚ್ಚರಿಕೆ. ಬೈಕಿನ ಹೆಲ್ಮೆಟ್ ಗಾಜಿಗೆ, ಕಾರಿನ ಗಾಜಿಗೆ ಎಂದು ಮಾರುವ ಆಂಟಿ ಫಾಗ್ ಬೇರೆ ಜಾತಿಯದು. ಅದರಲ್ಲಿ ಆಲ್ಕೊಹಾಲ್ ಇರಬಹುದು, ಕಣ್ಣಿನಿಂದ ಒಂದಂಗುಲ ದೂರದಲ್ಲಿ ಮುಚ್ಚಿದ ಜಾಗಕ್ಕೆಂದು ಅದನ್ನು ಮಾಡಿದ್ದಲ್ಲ. ಮಳೆನೀರು ಜಾರಿಹೋಗಲಿ ಎಂದು ಕಾರಿನ ಗಾಜಿಗೆ ಹಚ್ಚುವ ದ್ರವವಂತೂ ತೀರಾ ತಿರುಗು ಮದ್ದು. ಅದು ನೀರನ್ನು ಮುತ್ತಾಗಿಸಿ ಉರುಳಿಸುವಂಥದ್ದು. ಅದನ್ನು ಗಾಗಲ್ಸಿನ ಒಳಗೆ ಹಚ್ಚಿದರೆ ಇದ್ದ ಕೆಸುವಿನ ಗುಣಕ್ಕೆ ಇನ್ನೊಂದಿಷ್ಟು ಕೆಸು ಸೇರಿಸಿದ ಹಾಗೆ.

ಬೇಬಿ ಶಾಂಪೂ

ಅಂಗಡಿಯ ಸ್ಪ್ರೇಯ ಒಳಗಿರುವ ಮುಖ್ಯ ಕೆಲಸಗಾರನೇ ಇಲ್ಲಿಯೂ ಇರುವುದು: ನೀರಿನ ಬಿಗಿತ ಸಡಿಲಿಸುವ ವಸ್ತು. ಶುದ್ಧ ನೀರಿನ ಮೇಲ್ಮೈ ಬಿಗಿತವನ್ನು ಸ್ವಲ್ಪವೇ ಶಾಂಪೂ ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ. ಬಿಗಿತ ತಗ್ಗಿದ ನೀರಿಗೆ ಹನಿಯಾಗಿ ನಿಲ್ಲುವ ತ್ರಾಣ ಇರುವುದಿಲ್ಲ, ಹರಡಿಕೊಳ್ಳುತ್ತದೆ. ಬೇಬಿ ಶಾಂಪೂವೇ ಯಾಕೆಂದರೆ ಕೊಕಮಿಡೊಪ್ರೊಪೈಲ್ ಬೀಟೈನ್‌ನಂಥ ಸೌಮ್ಯ ವಸ್ತುಗಳಿಂದ ಅದನ್ನು ಮಾಡಿರುತ್ತಾರೆ, ಕಣ್ಣಿಗೆ ಬಿದ್ದರೂ ಮಗು ಚೀರಬಾರದು ಎಂಬ ಲೆಕ್ಕದಲ್ಲಿ.

ಮನೆಯಲ್ಲಿರುವ ದೊಡ್ಡವರ ಶಾಂಪೂ ಆಗದೇ? ಆಗದು. ಕಾರಣ ಉರಿ ಮಾತ್ರ ಅಲ್ಲ. ಶಾಂಪೂ ಮತ್ತು ಕಂಡಿಷನರ್ ಎರಡೂ ಒಂದರಲ್ಲೇ ಎಂದು ಮಾರುವ ಬಾಟಲಿಯ ಹಿಂದೆ ಡೈಮೆಥಿಕೋನ್ ಎಂಬ ಹೆಸರಿರುತ್ತದೆ. ಅದು ಸಿಲಿಕೋನ್ ಎಣ್ಣೆ. ಕೂದಲು ನುಣುಪಾಗಲಿ ಎಂದು ಹಾಕಿದ್ದು ಲೆನ್ಸಿನ ಮೇಲೆ ಎಣ್ಣೆಯ ಪದರವಾಗಿ ಕೂರುತ್ತದೆ, ಅದರ ಮೇಲೆ ನೀರು ಇನ್ನಷ್ಟು ಚೆಂದವಾಗಿ ಮುತ್ತುಗಟ್ಟುತ್ತದೆ. ಶಾಂಪೂ ಹಾಕಿದ ಮೇಲೆಯೇ ಜಾಸ್ತಿ ಆಯ್ತು ಮಾರಾಯ್ರೆ ಎನ್ನುವವರ ಸ್ನಾನದ ಕೋಣೆಯಲ್ಲಿ ಈ ಬಾಟಲಿ ಇದೆಯೇ ಎಂದು ಮೊದಲು ಕೇಳಬೇಕು. ತಲೆಹೊಟ್ಟಿನ ಶಾಂಪೂವೂ ಬೇಡ, ಅದರಲ್ಲಿ ಮೆಂಥಾಲ್ ಇದ್ದರೆ ಕಣ್ಣಿನ ಪಾಡು ಕೇಳಬೇಡಿ.

ಬೆರೆಸುವ ಪ್ರಮಾಣ ಒಂದಕ್ಕೆ ಹತ್ತು. ಕುದಿಸಿ ಆರಿಸಿದ ನೀರು 50 ಮಿಲಿಲೀಟರು, ಬೇಬಿ ಶಾಂಪೂ 5 ಮಿಲಿಲೀಟರು, ಅಂದರೆ ಒಂದು ಚಾ ಚಮಚ. ಖಾಲಿಯಾದ ಸ್ಯಾನಿಟೈಸರ್ ಸ್ಪ್ರೇ ಬಾಟಲಿಯನ್ನು ನಾಲ್ಕೈದು ಸಲ ತೊಳೆದು ಅದಕ್ಕೆ ತುಂಬಬಹುದು. ಕುಲುಕಬೇಡಿ, ನೊರೆಯಾಗುತ್ತದೆ. ತಲೆಕೆಳಗು ಮಾಡಿ ನಿಧಾನಕ್ಕೆ ಬೆರೆಸಿ. ಒಂದು ಸಂಗತಿ ಹೆಚ್ಚಿನವರು ಮರೆಯುತ್ತಾರೆ: ಶಾಂಪೂ ಕೆಡದಂತೆ ಕಂಪೆನಿ ಹಾಕಿದ ಸಂರಕ್ಷಕವೂ ಈಗ ಹನ್ನೊಂದು ಪಟ್ಟು ತೆಳುವಾಗಿದೆ. ನಮ್ಮ ಮಳೆಗಾಲದಲ್ಲಿ ಈ ನೀರು ಕೆಡುವುದಕ್ಕೆ ಹೆಚ್ಚು ದಿನ ಬೇಡ. ವಾರಕ್ಕೊಮ್ಮೆ ಹೊಸದು ಮಾಡಿ, ಉಳಿದದ್ದು ಚೆಲ್ಲಿ. ನಷ್ಟ ಅರ್ಧ ಚಮಚ ಶಾಂಪೂ.

ಇನ್ನು ಹಚ್ಚುವ ಕ್ರಮ. ಲೆನ್ಸಿನ ಒಳಗೆ ಶುದ್ಧ ನೀರು ಹಾಯಿಸಿ, ಕೊಡವಿ. ಒಂದೊಂದು ಲೆನ್ಸಿಗೆ ಒಂದು ದೊಡ್ಡ ಹನಿ ಬಿಟ್ಟು, ಗಾಗಲ್ಸನ್ನು ದೋಸೆಕಾವಲಿಗೆ ಎಣ್ಣೆ ಹರಡಿಸುವ ಹಾಗೆ ತಿರುಗಿಸಿ. ಹೊಸ ಗಾಗಲ್ಸಾದರೆ ಬೆರಳು ಹಾಕಬೇಡಿ. ಮಬ್ಬು ತಡೆಯಲೆಂದು ಕಂಪೆನಿ ಒಳಮೈಗೆ ಬಳಿದ ಕೋಟಿಂಗು ಪೂರ್ತಿ ಸತ್ತ ಹಳೆಯದಾದರೆ, ತೊಳೆದ ಬೆರಳಿನ ತುದಿಯಿಂದ ಹಗುರವಾಗಿ ಸವರಿದರೆ ಅಡ್ಡಿಯಿಲ್ಲ, ಅಲ್ಲಿ ಕಳೆದುಕೊಳ್ಳುವುದಕ್ಕೆ ಏನೂ ಉಳಿದಿಲ್ಲ. ಅರ್ಧ ನಿಮಿಷ ಬಿಡಿ. ರಾತ್ರಿಯೇ ಹಚ್ಚಿ ಒಣಗಿಸಿಟ್ಟರೆ ಇನ್ನೂ ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ಆಮೇಲೆ ಬರುವುದು ಎಲ್ಲ ಕೆಲಸವನ್ನೂ ಕೆಡಿಸುವ ಅಥವಾ ಗೆಲ್ಲಿಸುವ ಎರಡು ಸೆಕೆಂಡು. ಗಾಗಲ್ಸನ್ನು ನೀರಿನಲ್ಲಿ ಅದ್ದಿ, ಒಂದು ಸಲ ಅಲುಗಿಸಿ, ತೆಗೆದು ನೀರು ಚೆಲ್ಲಿ. ಇಷ್ಟೇ. ನಲ್ಲಿಯ ಕೆಳಗೆ ಹಿಡಿದರೆ ಹಚ್ಚಿದ್ದೆಲ್ಲ ಹೋಯಿತು. ಅದ್ದದೆ ಹಾಕಿಕೊಂಡರೆ ಕಣ್ಣು ಕೆಂಪು. ಸರಿಯಾಗಿ ಅದ್ದಿದ ಲೆನ್ಸನ್ನು ಓರೆಯಾಗಿ ಹಿಡಿದರೆ ನೀರು ಹಾಳೆಯಂತೆ ಒಟ್ಟಿಗೆ ಜಾರುತ್ತದೆ. ನೊರೆ ಕಂಡರೆ ಇನ್ನೊಮ್ಮೆ ಅದ್ದಬೇಕು. ಹನಿ ಕಂಡರೆ ಮತ್ತೆ ಹಚ್ಚಬೇಕು. ನಮ್ಮ ಮುರಕಲ್ಲು ನೆಲದ ನೀರು ಮೆದು, ಸುಣ್ಣದ ಅಂಶ ಕಡಿಮೆ. ಗಡಸು ನೀರಿನ ಊರುಗಳಲ್ಲಿ ನೀರು ಒಣಗಿದ ಮೇಲೆ ಲೆನ್ಸಿನಲ್ಲಿ ಉಳಿಯುವ ಬಿಳಿ ಕಲೆಯ ಕಾಟ ಇಲ್ಲಿ ಕಡಿಮೆ, ಅದು ನಮಗೆ ಸಿಕ್ಕಿದ ಸಣ್ಣ ಲಾಭ.

ಕೆರೆಯ ಈಜಿಗೆ ಶಾಂಪೂ ಅರ್ಧ ಗಂಟೆ, ಮುಕ್ಕಾಲು ಗಂಟೆ ಬರುತ್ತದೆ. ಈಜುಕೊಳದಲ್ಲಿ ಅಷ್ಟು ಬರುವುದಿಲ್ಲ. ಕಾರಣ ನೀರಲ್ಲ, ಈಜುವ ಬಗೆ. ಲ್ಯಾಪ್ ಹೊಡೆಯುವವರು ಗೋಡೆ ಮುಟ್ಟಿದಾಗಲೆಲ್ಲ ಗಾಗಲ್ಸ್ ಎತ್ತಿ ಇಳಿಸುತ್ತಾರೆ, ಪ್ರತಿ ಸಲವೂ ಒಂದಿಷ್ಟು ನೀರು ಒಳಹೋಗಿ ಹಚ್ಚಿದ್ದನ್ನು ತೊಳೆಯುತ್ತದೆ. ಮೈ ಬಿಸಿಯೇರಿ ಮುಖ ನೀರಿನೊಳಗೂ ಬೆವರುತ್ತದೆ. ಅಂಟಿನ ಅಂಶವಿರುವ ಸ್ಪ್ರೇ ಅಲ್ಲಿ ಗೆಲ್ಲುವುದು ಇದಕ್ಕೇ. ವಾರಕ್ಕೆ ಒಂದು ದಿನ ಹೋಗುವವರಿಗೆ ಅಷ್ಟಕ್ಕಾಗಿ ಸ್ಪ್ರೇ ಬೇಕೇ ಎಂದರೆ, ಬೇಡ. ನಡುವೆ ಒಮ್ಮೆ ಶಾಂಪೂ ಹಚ್ಚಿಕೊಂಡರಾಯಿತು.

ಉಗುಳು ಮತ್ತು ಹಿತ್ತಿಲ ಮದ್ದುಗಳು

ಉಗುಳಿನಲ್ಲಿ ಮ್ಯೂಸಿನ್ ಎಂಬ ಲೋಳೆ ಪ್ರೋಟೀನ್ ಉಂಟು. ಅದು ನೀರನ್ನು ಹರಡಿಸುತ್ತದೆ, ಆದ್ದರಿಂದ ಈ ಮದ್ದು ಸುಳ್ಳಲ್ಲ. ಒಣ ಲೆನ್ಸಿಗೆ ಹಚ್ಚಬೇಕು, ಒದ್ದೆಯಾದ ಮೇಲೆ ಉಗುಳಿದರೆ ಹಿಡಿಯುವುದಿಲ್ಲ. ಹತ್ತಿಪ್ಪತ್ತು ನಿಮಿಷ ಬಂದರೆ ಪುಣ್ಯ. ಎಲೆಯಡಿಕೆ ಬಾಯಿಯವರು ಪ್ರಯತ್ನಿಸದಿದ್ದರೆ ಲೋಕಕ್ಕೆ ಒಳ್ಳೆಯದು. ಬಾಯಿಯ ಕ್ರಿಮಿ ಕಣ್ಣಿಗೆ ಹೋಗುವ ದಾರಿ ಇದು ಎನ್ನುವುದನ್ನೂ ಮರೆಯಬಾರದು. ಕೆಂಗಣ್ಣು ಹಬ್ಬಿದ ದಿನಗಳಲ್ಲಿ ಒಬ್ಬರ ಗಾಗಲ್ಸನ್ನು ಇನ್ನೊಬ್ಬರು ಹಾಕುವುದೇ ಕೂಡದು, ಉಗುಳಿನ ಮಾತು ಹಾಗಿರಲಿ.

ದಾಸವಾಳ ಸೊಪ್ಪಿನ ಗೊಂಪು ಆಗುತ್ತದೆಯೇ ಎಂಬ ಪ್ರಶ್ನೆ ನಮ್ಮಲ್ಲಿ ಮಾತ್ರ ಹುಟ್ಟಲು ಸಾಧ್ಯ. ಯೋಚನೆ ದಡ್ಡತನದ್ದಲ್ಲ, ಗೊಂಪೂ ನೀರನ್ನು ಹಿಡಿದಿಡುವ ಲೋಳೆಯೇ. ಆದರೆ ಎಷ್ಟು ಸೋಸಿದರೂ ಸೊಪ್ಪಿನ ನಾರು ಉಳಿಯುತ್ತದೆ, ಒಣಗಿದ ಮೇಲೆ ಬಸವನಹುಳು ಹರಿದ ಜಾಡಿನ ಹಾಗೆ ಗೆರೆಗೆರೆ ಕಾಣುತ್ತದೆ. ಅದನ್ನು ತಲೆಗೇ ಬಿಡಿ. ಅಂಟುವಾಳ ಕಾಯಿ ನೊರೆ ಕೊಡುತ್ತದಲ್ಲ ಎಂದು ಅದಕ್ಕೆ ಕೈಹಾಕಬೇಡಿ, ಅದರ ಸಪೋನಿನ್ ಕಣ್ಣಿಗೆ ಬಿದ್ದರೆ ಸುಡುತ್ತದೆ.

ಟೂತ್‌ಪೇಸ್ಟಿನ ಉಪದೇಶ ಎಲ್ಲಿಂದ ಬಂತು ಎನ್ನುವುದಕ್ಕೆ ಉತ್ತರ ಉಂಟು. ಕಡಲಾಳಕ್ಕಿಳಿಯುವ ಸ್ಕೂಬಾ ಮುಖವಾಡದ್ದು ಹದಗೊಳಿಸಿದ ಗಾಜು. ಹೊಸ ಮುಖವಾಡದ ಗಾಜಿನ ಮೇಲೆ ತಯಾರಿಕೆಯ ಕಾಲದ ಸಿಲಿಕೋನ್ ಪದರ ಉಳಿದಿರುತ್ತದೆ, ಅದನ್ನು ಕೆರೆದು ತೆಗೆಯಲು ಪೇಸ್ಟಿನ ಪುಡಿ ಸಹಾಯಕ್ಕೆ ಬರುತ್ತದೆ. ಗಾಜಿಗೆ ಸರಿ. ನಮ್ಮ ಪಾಲಿಕಾರ್ಬೊನೇಟ್ ಲೆನ್ಸ್ ಗಾಜಿಗಿಂತ ಎಷ್ಟೋ ಮೆದು. ಪೇಸ್ಟಿನಲ್ಲಿರುವ ಸಿಲಿಕಾ ಮತ್ತು ಸುಣ್ಣಕಲ್ಲಿನ ಪುಡಿ ಅದರ ಮೇಲೆ ಸಾವಿರ ಗೀರು ಹಾಕುತ್ತವೆ, ಪ್ರತಿ ಗೀರೂ ಮುಂದೆ ಹನಿ ಕೂರುವ ಗೂಡು.

ಏನೂ ಕೈಲಿಲ್ಲದೆ ನೀರಿನ ನಡುವೆ ಮಬ್ಬಾದರೆ? ಗಾಗಲ್ಸಿನ ಅಂಚನ್ನು ತುಸು ಎತ್ತಿ ಎರಡು ಮೂರು ತೊಟ್ಟು ನೀರು ಒಳಗೆ ಬಿಟ್ಟುಕೊಳ್ಳಿ. ತಲೆ ಅಲುಗಿದಾಗಲೆಲ್ಲ ಆ ತೊಟ್ಟು ಲೆನ್ಸಿನ ಮೇಲೆ ಉರುಳಿ ಹನಿಗಳನ್ನು ಬಾಚಿಕೊಂಡು ಹೋಗುತ್ತದೆ. ಸ್ವೀಡಿಶ್ ಗಾಗಲ್ಸ್ ಎಂದು ಹೆಸರಾದ, ಗ್ಯಾಸ್ಕೆಟ್ಟೇ ಇಲ್ಲದ ಸರಳ ಮಾದರಿಯನ್ನು ಹಾಕುವ ಸ್ಪರ್ಧಿಗಳೂ ಇದೇ ಉಪಾಯ ಮಾಡುವುದುಂಟು. ಈಜುಕೊಳದ ನೀರಿಗಾದರೆ ಹೆಚ್ಚು ತೊಂದರೆಯಿಲ್ಲ. ನಿಂತ ಕೆರೆಯ ನೀರನ್ನು ಕಣ್ಣಿನ ಮುಂದೆ ಅರ್ಧ ಗಂಟೆ ಕಟ್ಟಿಟ್ಟುಕೊಳ್ಳುವುದು ಅಷ್ಟು ಜಾಣತನವಲ್ಲ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಂತೂ ಯಾವ ನೀರನ್ನೂ ಒಳಗೆ ಬಿಟ್ಟುಕೊಳ್ಳಕೂಡದು. ಮಾತು ಬಂದದ್ದಕ್ಕೆ ಹೇಳುವುದು: ಕೇರಳದಲ್ಲಿ 2024 ಮತ್ತು 2025ರಲ್ಲಿ ಸುದ್ದಿಯಾದ ಅಮೀಬಾ ಮೆದುಳು ಜ್ವರದ ಕ್ರಿಮಿ ಮೆದುಳಿಗೆ ಹೋಗುವುದು ಮೂಗಿನ ಮೂಲಕ. ಅದಕ್ಕೆ ಗಾಗಲ್ಸ್ ತಡೆಯಲ್ಲ. ನಿಂತ ನೀರಿಗೆ ಹಾರುವುದನ್ನು, ಮುಳುಗುವುದನ್ನು ಬಿಡಬೇಕು, ಇಳಿಯಲೇಬೇಕಾದರೆ ಮೂಗಿಗೆ ಕ್ಲಿಪ್ಪು ಹಾಕಬೇಕು.

ಕೋಟಿಂಗ್ ಇರುವ ಗಾಗಲ್ಸ್

ಆಂಟಿ ಫಾಗ್ ಎಂದು ಡಬ್ಬಿಯ ಮೇಲೆ ಬರೆಯದ ಗಾಗಲ್ಸ್ ಈಗ ಸಿಗುವುದೇ ಅಪರೂಪ. ಬಸ್‌ಸ್ಟ್ಯಾಂಡ್ ಪಕ್ಕದ ಫ್ಯಾನ್ಸಿ ಅಂಗಡಿಯಲ್ಲಿ ಕ್ರಿಕೆಟ್ ಬಾಲಿನ ಜತೆ ತೂಗುಹಾಕಿದ್ದರ ಮೇಲೂ ಅದು ಇರುತ್ತದೆ. ಬರೆದದ್ದು ನಿಜವೋ ಎಂದು ತಿಳಿಯಲು ಹೆಚ್ಚು ಹೊತ್ತು ಬೇಡ. ಡಬ್ಬಿ ಬಿಚ್ಚಿಸಿ, ಲೆನ್ಸಿನ ಒಳಮೈಗೆ ಎರಡಂಗುಲ ದೂರದಿಂದ ಬಾಯಿ ತೆರೆದು ‘ಹಾ’ ಎಂದು ಉಸಿರು ಬಿಡಿ. ಕೋಟಿಂಗ್ ಇದ್ದರೆ ಮಬ್ಬು ಕೂರುವುದೇ ಇಲ್ಲ, ಕೂತರೂ ತಕ್ಷಣ ಮಾಯ. ಹೊರಮೈಗೆ ಉಸಿರು ಬಿಟ್ಟು ಹೋಲಿಸಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಎರಡೂ ಕಡೆ ಒಂದೇ ರೀತಿ ಮಬ್ಬಾದರೆ ಡಬ್ಬಿಯ ಮಾತು ಡಬ್ಬಿಗೇ. ಅಂಗಡಿಯವರು ಮುಖ ಗಂಟು ಹಾಕಬಹುದು, ಹಾಕಲಿ. ಅಲ್ಲೇ ಇನ್ನೊಂದು ಪರೀಕ್ಷೆಯೂ ಮುಗಿಯಲಿ: ಸ್ಟ್ರಾಪ್ ಹಾಕದೆ ಗಾಗಲ್ಸನ್ನು ಕಣ್ಣಿಗೆ ಒತ್ತಿ ಕೈ ಬಿಡಿ. ಎರಡು ಮೂರು ಸೆಕೆಂಡು ತಾನಾಗಿ ಅಂಟಿ ನಿಂತರೆ ಅಳತೆ ಸರಿ. ರೆಪ್ಪೆಯ ಕೂದಲು ಲೆನ್ಸಿಗೆ ತಾಗುತ್ತಿದೆಯೇ ಎಂದೂ ನೋಡಿಕೊಳ್ಳಿ. ತಾಗುವಂತಿದ್ದರೆ ಪ್ರತಿ ಕಣ್ಣು ಮಿಟುಕಿಗೂ ರೆಪ್ಪೆಯ ಜಿಡ್ಡು ಕೋಟಿಂಗಿಗೆ ಬಳಿಯುತ್ತದೆ, ಕಾಡಿಗೆ ಹಚ್ಚುವ ಪದ್ಧತಿ ಇದ್ದರೆ ಇನ್ನೂ ಹೆಚ್ಚು.

ಕೋಟಿಂಗ್ ಎಂದರೆ ನೀರನ್ನು ಇಷ್ಟಪಡುವ ಪಾಲಿಮರಿನ ಅತಿ ತೆಳು ಪದರ. ಒದ್ದೆಯಾದಾಗ ಅದು ಮೆತ್ತಗಾಗುತ್ತದೆ. ಬೈರಾಸು ತಾಗಬಾರದು ಎನ್ನುವುದು ಅದಕ್ಕೇ. ಸವೆದ ಗಾಗಲ್ಸಿಗೆ ಉಸಿರು ಬಿಟ್ಟರೆ ಇದು ಚಿತ್ರದಷ್ಟು ಸ್ಪಷ್ಟವಾಗಿ ಕಾಣುತ್ತದೆ: ಒರೆಸುವ ಬೆರಳು ತಲುಪುವ ನಡುಭಾಗ ಬೆಳ್ಳಗೆ, ಬೆರಳು ಹೋಗದ ಅಂಚಿನ ಸುತ್ತ ತಿಳಿಯಾದ ಒಂದು ಉಂಗುರ. ಆ ಉಂಗುರವೇ ಕಂಪೆನಿ ಕೊಟ್ಟ ಅಸಲಿ ಕೋಟಿಂಗು. ಇದಕ್ಕೊಂದು ಅಪವಾದ ಉಂಟು. ಜಪಾನಿನ ತಬಾಟ ಕಂಪೆನಿ ವ್ಯೂ ಹೆಸರಿನಲ್ಲಿ ತರುವ ‘ಸ್ವೈಪ್’ ಲೆನ್ಸನ್ನು ಒದ್ದೆ ಮಾಡಿ ಬೆರಳಿನಿಂದ ಸವರಿದರೆ ಗುಣ ಮರಳುವಂತೆ ಮಾಡಿದ್ದಾರೆ. ಬೇರೆ ಗಾಗಲ್ಸಿಗೆ ಆ ಪಾಠ ಅನ್ವಯಿಸಿದರೆ ಕೆಟ್ಟಿತು. ಕನ್ನಡಿಯಂತೆ ಹೊಳೆಯುವ ಮಿರರ್ ಲೆನ್ಸಿಗೂ ಮಬ್ಬಿಗೂ ಸಂಬಂಧವಿಲ್ಲ, ಆ ಹೊಳಪು ಹೊರಮೈಯದ್ದು, ಬಿಸಿಲಿಗೆ.

ಕರಾವಳಿಯಲ್ಲಿ ಕೋಟಿಂಗಿನ ದೊಡ್ಡ ಶತ್ರು ಕ್ಲೋರಿನ್ನೂ ಅಲ್ಲ, ಉಪ್ಪೂ ಅಲ್ಲ. ತೆಂಗಿನೆಣ್ಣೆ. ಮೈತಲೆಗೆ ಎಣ್ಣೆ ಹಾಕಿ ಕೆರೆಯಲ್ಲಿ ಮೀಯುವುದು ಸುಖವೇ, ಆದರೆ ಹಣೆಯಿಂದ ಇಳಿದ ಎಣ್ಣೆ ಗ್ಯಾಸ್ಕೆಟ್ಟಿನ ಸಂದಿಯಲ್ಲಿ ಒಳಗೆ ಹೋದರೆ ಲೆನ್ಸಿನ ಮೇಲೆ ತೆಳ್ಳಗೆ ಹರಡಿ ಕೂರುತ್ತದೆ. ಅದರ ಮೇಲೆ ಯಾವ ಮದ್ದೂ ಹಿಡಿಯುವುದಿಲ್ಲ. ಗ್ಯಾಸ್ಕೆಟ್ ಚರ್ಮದ ಮೇಲೆ ಜಾರುತ್ತದೆ, ಆಗ ನಿಜವಾಗಿಯೂ ಸೋರುತ್ತದೆ. ಸನ್‌ಸ್ಕ್ರೀನ್ ಹಚ್ಚುವವರಿಗೂ ಇದೇ ಮಾತು, ಕಣ್ಣಿನ ಸುತ್ತ ಒಂದಂಗುಲ ಬಿಟ್ಟು ಹಚ್ಚಬೇಕು. ಎಣ್ಣೆ ಹಿಡಿದ ಗಾಗಲ್ಸನ್ನು ಬಿಡಿಸುವುದಕ್ಕೆ ಉಗುರು ಬೆಚ್ಚಗಿನ ನೀರು ಒಂದು ಲೋಟ, ಪಾತ್ರೆ ತೊಳೆಯುವ ದ್ರವ ಒಂದೇ ಹನಿ. ಐದು ನಿಮಿಷ ಮುಳುಗಿಸಿಟ್ಟು, ಅದರೊಳಗೇ ಅಲುಗಿಸಿ, ಮೂರು ನಾಲ್ಕು ಸಲ ಬೇರೆ ನೀರಿನಲ್ಲಿ ತೊಳೆಯಬೇಕು. ಉಜ್ಜುವ ಮಾತಿಲ್ಲ. ಈ ದ್ರವವನ್ನೇ ಮಬ್ಬಿನ ಮದ್ದಾಗಿ ಹಚ್ಚಿಕೊಳ್ಳುವುದು ಬೇಡ, ನಿಂಬೆಯ ಪರಿಮಳದ್ದು ಕಣ್ಣಿಗೆ ಬಿದ್ದರೆ ಗೊತ್ತಾಗುತ್ತದೆ.

ಮದ್ದಿಲ್ಲದೆಯೂ ಅರ್ಧ ಕಾಟ ತಗ್ಗಿಸಬಹುದು. ಮೊದಲು ಮುಖಕ್ಕೆ ಕೆರೆಯ ನೀರು ಹಾಕಿಕೊಂಡು ತಣ್ಣಗಾಗಲು ಬಿಡಿ, ಗುಡ್ಡೆ ಇಳಿದು ಬಂದ ಬೆವರು ಆರಲಿ. ಗಾಗಲ್ಸನ್ನೂ ನೀರಿನಲ್ಲಿ ಅದ್ದಿಡಿ. ತಣ್ಣಗಿನ ಮುಖಕ್ಕೆ ತಣ್ಣಗಿನ ಗಾಗಲ್ಸ್ ಒತ್ತಿಕೊಂಡರೆ ಆರಂಭದ ಆ ಮೂರು ನಿಮಿಷದ ಹಾಲುಮಬ್ಬು ಬರುವುದಿಲ್ಲ. ಒಮ್ಮೆ ಹಾಕಿದ ಮೇಲೆ ಪದೇ ಪದೇ ತೆಗೆಯಬೇಡಿ. ಮೆಟ್ಟಿಲ ಮೇಲೆ ಕೂತು ಮಾತಾಡುವಾಗ ಹಣೆಯ ಮೇಲೆ ಏರಿಸಿಡುವುದು ನೋಡಲು ಚೆಂದ, ಆದರೆ ಹಣೆಯ ಬಿಸಿ, ಬೆವರು, ಎಣ್ಣೆ ಮೂರೂ ಲೆನ್ಸಿನ ಒಳಗೆ ತುಂಬುವುದು ಆಗಲೇ. ಕುತ್ತಿಗೆಗೆ ಇಳಿಸಿಕೊಳ್ಳಿ.

ಈಜಿದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು, ಸಮುದ್ರದಿಂದ ಬಂದರೆ ತಡಮಾಡದೆ. ಉಪ್ಪು ಒಣಗಿ ಹರಳಾದರೆ ಆ ಹರಳೇ ಗೀರುತ್ತದೆ. ಕೊಡವಿ, ನೆರಳಿನಲ್ಲಿ ಸ್ಟ್ರಾಪ್ ಹಿಡಿದು ತೂಗುಹಾಕಿ. ಕಾರಿನ ಡ್ಯಾಶ್‌ಬೋರ್ಡ್ ಬೇಡ. ಮಳೆಗಾಲದಲ್ಲಿ ಬೇಗ ಒಣಗಲಿ ಎಂದು ಒಲೆಯ ಮೇಲಿನ ಅಟ್ಟಕ್ಕೆ ಹಾಕುವುದೂ ಬೇಡ, ಹೊಗೆಯ ಜಿಡ್ಡು ಎಣ್ಣೆಗಿಂತ ಕಡೆ. ಒಣಗುವ ಮೊದಲೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಜೂನ್ ಜುಲೈಯಲ್ಲಿ ನಾಲ್ಕೇ ದಿನಕ್ಕೆ ಗ್ಯಾಸ್ಕೆಟ್ಟಿನ ಮಡಿಕೆಯಲ್ಲಿ ಕಪ್ಪು ಚುಕ್ಕೆ, ಬೂಷ್ಟಿನ ವಾಸನೆ. ಸಿಲಿಕೋನಿನೊಳಗೆ ಇಳಿದ ಆ ಚುಕ್ಕೆ ಮತ್ತೆ ಹೋಗುವುದಿಲ್ಲ. ಗಾಳಿಯಾಡುವ ತೆಳು ಬಟ್ಟೆಯ ಚೀಲವೇ ಒಳ್ಳೆಯದು.

ಶಾಂಪೂ ಹಚ್ಚಿ, ಸರಿಯಾಗಿ ಅದ್ದಿ, ಮುಖ ತಣಿಸಿಯೂ ಐದೇ ನಿಮಿಷಕ್ಕೆ ಮಬ್ಬಾಗುತ್ತಿದ್ದರೆ ಲೆನ್ಸನ್ನು ಬಿಸಿಲಿಗೆ ಓರೆ ಹಿಡಿದು ನೋಡಿ. ಒಳಮೈ ತುಂಬ ಕೂದಲೆಳೆ ಗೀರುಗಳಿದ್ದರೆ ಅದರ ಆಯುಷ್ಯ ಮುಗಿಯಿತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವಾಗ ಕಣ್ಣಿಗೆ ಕಟ್ಟಿಕೊಳ್ಳಬಹುದಲ್ಲ ಎಂದು ಹಳೆಯದನ್ನು ತೆಗೆದಿಡುವವರಿದ್ದಾರೆ. ಇದಕ್ಕೆ ಗಾಳಿಯಾಡುವ ತೂತಿಲ್ಲ, ಬೆವರಿದ ಮುಖಕ್ಕೆ ಎರಡೇ ನಿಮಿಷದಲ್ಲಿ ಕುರುಡು ಮಾಡುತ್ತದೆ, ಅಡಿಕೆ ಮರದ ತುದಿ ಅದಕ್ಕೆ ಜಾಗವಲ್ಲ. ಮದುವೆ ಮನೆಯಲ್ಲಿ ಈರುಳ್ಳಿ ಕೊರೆಯಲು ಕೂತವರಿಗೆ ಕೊಟ್ಟುಬಿಡಿ.